ಕಸಿಯ ಗಾಯಕ್ಕೆ ಯಾವ ಪಟ್ಟಿ? ಅಪ್ಪೆಮಿಡಿ ಸಸಿಗಳ ಮೇಲೆ ಎರಡು ಮಳೆಗಾಲದ ಹೋಲಿಕೆ

ಉಪ್ಪಿನಕಾಯಿಗೆ ಹೆಸರಾದ ಪರಿಮಳದ ಮಾವು ಅಪ್ಪೆಮಿಡಿಯನ್ನು ಗೊರಟು ಊರಿ ಬೆಳೆಸಿದರೆ ತಾಯಿಮರದ ಪರಿಮಳವೇ ಮಿಡಿಗೆ ಬರುತ್ತದೆಂಬ ಭರವಸೆಯಿಲ್ಲ. ಆದ್ದರಿಂದಲೇ ಸಾಗರ, ಸಿರಸಿಗಳ ಕಡೆ ಒಳ್ಳೆಯ ಜೀರಿಗೆ ಮಿಡಿಯ (ಜೀರಿಗೆ ಪರಿಮಳದ ಅಪ್ಪೆಮಿಡಿಯ) ಮರ ಕಂಡವರು ಮೊದಲು ಕೇಳುವುದು ಕಸಿಕಡ್ಡಿಯನ್ನು, ಅಂದರೆ ಬೇರೆ ಸಸಿಗೆ ಕೂಡಿಸಲು ಆ ಮರದಿಂದ ಕತ್ತರಿಸಿದ ಕಡ್ಡಿಯನ್ನು. ಕಡ್ಡಿಯನ್ನು ಹೇಗೆ ಚೂಪಾಗಿ ಕೆತ್ತಬೇಕು, ಕಡ್ಡಿಯನ್ನು ಹೊರುವ ಬೇರುಸಸಿಯನ್ನು ಹೇಗೆ ಸೀಳಬೇಕು ಎಂಬುದನ್ನು ಕಲಿಸುವವರು ಬೇಕಾದಷ್ಟಿದ್ದಾರೆ. ಆಮೇಲೆ ಅದಕ್ಕೆ ಏನು ಸುತ್ತಬೇಕು ಎಂದು ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಉತ್ತರ. ಕಳೆದ ಎರಡು ಮಳೆಗಾಲಗಳಲ್ಲಿ ಮನೆಯ ಹಿಂದಿನ ನೆರಳುಬಲೆಯ ಕೆಳಗೆ ಕಾಡುಮಾವಿನ ಸಸಿಗಳಿಗೆ ಮೃದುಕಾಂಡ ಕಸಿ (ಎಳೆಯ ಕಾಂಡವನ್ನು ಸೀಳಿ ಕಡ್ಡಿ ಕೂರಿಸುವ ಕಸಿ) ಕಟ್ಟುವಾಗ, ಕಡ್ಡಿಯ ಮರವನ್ನೂ ಚಾಕುವನ್ನೂ ಬದಲಿಸದೆ ಸುತ್ತುವ ವಸ್ತುವನ್ನು ಮಾತ್ರ ಬದಲಿಸಿ, ಬಗೆಯೊಂದಕ್ಕೆ 20 ಸಸಿಗಳಂತೆ ಕಟ್ಟಿ ನೋಡಿದೆ.

ಸುತ್ತುವ ಪಟ್ಟಿಗೆ ಎರಡು ಕೆಲಸಗಳಿವೆ. ಸಿಪ್ಪೆಯ ಒಳಗಿನ ಕೇಂಬಿಯಂ ಎಂಬ ತೆಳು ಹಸಿ ಪದರವು ಕಡ್ಡಿಯಲ್ಲಿಯೂ ಬೇರುಸಸಿಯಲ್ಲಿಯೂ ಒಂದಕ್ಕೊಂದು ಒತ್ತಿಕೊಂಡಿರುವಂತೆ ಬಿಗಿಯುವುದು ಮೊದಲನೆಯದು. ಗಾಯ ಕೂಡುವವರೆಗೆ ಬೇರಿನಿಂದ ನೀರು ಸಿಗದ ಕಡ್ಡಿಯನ್ನು ಒಣಗದಂತೆ ಕಾಯುವುದು ಎರಡನೆಯದು. ಒಂದೇ ವಸ್ತು ಇವೆರಡನ್ನೂ ಚೆನ್ನಾಗಿ ಮಾಡಲಾರದು ಎಂಬುದು ನನಗೆ ಮೊದಲ ವರ್ಷದ ಕೊನೆಗಷ್ಟೇ ಮನದಟ್ಟಾಯಿತು.

ಹಳಬರು ಹೇಳುವ ಬಾಳೆನಾರಿನ ವಿಷಯವನ್ನು ಬೇಗ ಮುಗಿಸುತ್ತೇನೆ. ನೆನೆಸಿದ ನಾರು ಕಟ್ಟುವಾಗ ಬಿಗಿಯಾಗಿರುತ್ತದೆ, ಮಲೆನಾಡಿನ ಜುಲೈ ಮಳೆಗೆ ವಾರ ಕಳೆಯುವುದರೊಳಗೆ ಕೊಳೆತು ಸಡಿಲವಾಗುತ್ತದೆ, ಸೀಳಿನೊಳಕ್ಕೆ ನೀರು ಇಳಿದು ಕಡ್ಡಿ ಕಪ್ಪಾಗುತ್ತದೆ. ಇಪ್ಪತ್ತರಲ್ಲಿ ಐದು ಬದುಕಿದವು, ಅವೂ ಬಲೆಯ ನಡುವೆ ನೀರು ಸೋರದ ಜಾಗದಲ್ಲಿದ್ದವು. ವೈರಿಗೆ ಸುತ್ತುವ ಇನ್ಸುಲೇಷನ್ ಟೇಪಿನಲ್ಲಿ ಹತ್ತು ಬದುಕಿದವಾದರೂ, ಬಿಚ್ಚುವಾಗ ಅದರ ಅಂಟು ಎಳೆಯ ಸಿಪ್ಪೆಯನ್ನೇ ಕಿತ್ತುಕೊಂಡು ಬಂದದ್ದನ್ನು ಕಂಡ ಮೇಲೆ ಅದನ್ನು ಮತ್ತೆ ಮುಟ್ಟಲಿಲ್ಲ.

ನಿಜವಾದ ಪೈಪೋಟಿ ಇರುವುದು ಪಾಲಿಥೀನ್ ಪಟ್ಟಿಗೂ, ಈಚೆಗೆ ಆನ್‌ಲೈನಿನಲ್ಲಿ ಸಿಗುವ ಹಿಗ್ಗುವ ಮೇಣದ ಟೇಪಿಗೂ ನಡುವೆ. ಪಾಲಿಥೀನ್ ಪಟ್ಟಿ ಬಹಳ ಅಗ್ಗ. ದಪ್ಪ ಕವರನ್ನು ಎರಡು ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿಕೊಂಡು, ಸೀಳಿನ ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಅರ್ಧ ಕೂರುವಂತೆ ಎಳೆದು ಸುತ್ತಿ, ತುದಿಯನ್ನು ಕೊನೆಯ ಸುತ್ತಿನೊಳಗೆ ತೂರಿಸಿದರಾಯಿತು. ಬೆರಳಿಗೆ ಸೊನೆ ಅಂಟಿದ್ದರೂ ಪಟ್ಟಿ ಜಾರುವುದಿಲ್ಲ, ಎಳೆದಷ್ಟೂ ಬಿಗಿ ಬರುತ್ತದೆ. ಆದರೆ ಅದು ಕಾಯುವುದು ಗಾಯವನ್ನು ಮಾತ್ರ; ಮೇಲೆ ಚಾಚಿಕೊಂಡ ಕಡ್ಡಿ ಬತ್ತಲಾಗಿಯೇ ಉಳಿಯುತ್ತದೆ. ಅದಕ್ಕೆ ಐಸ್‌ಕ್ಯಾಂಡಿ ತುಂಬುವ ಉದ್ದನೆಯ ಕೊಟ್ಟೆಯನ್ನು ಟೊಪ್ಪಿಯಂತೆ ಹಾಕಿ ಕೆಳಗೆ ಸಡಿಲವಾಗಿ ಕಟ್ಟಬೇಕು. ಟೊಪ್ಪಿಯ ಒಳಗೆ ಬೆಳಗಿನ ಹೊತ್ತು ಹನಿ ಕಟ್ಟಿಕೊಂಡಿದ್ದರೆ ಒಳಗಿನ ಹಸಿ ಉಳಿದಿದೆ ಎಂದು ತಿಳಿಯಬಹುದು. ಹೀಗೆ ಟೊಪ್ಪಿ ಹಾಕಿದ 20ರಲ್ಲಿ 15 ಚಿಗುರಿದವು.

ಮೇಣದ ಟೇಪನ್ನು ಎಳೆದು ತೆಳುವಾಗಿಸಿ ಕಡ್ಡಿಯ ತುದಿಯವರೆಗೆ ಸುತ್ತಿದರೆ ಟೊಪ್ಪಿಯ ಗೊಡವೆಯೇ ಇಲ್ಲ. ಅದು ತನಗೆ ತಾನೇ ಅಂಟಿಕೊಳ್ಳುತ್ತದೆ, ಮೊಗ್ಗಿನ ಮೇಲೆ ಒಂದೇ ಪದರವಿದ್ದರೆ ಚಿಗುರು ಅದನ್ನು ಒಡೆದುಕೊಂಡು ಹೊರಬರುತ್ತದೆ. ನೋಡಲು ಎಷ್ಟು ಚೆಂದವೆಂದರೆ, ಮೊದಲ ದಿನ ನಾನು ಪಾಲಿಥೀನಿನ ಕಾಲ ಮುಗಿಯಿತೆಂದೇ ತಿಳಿದೆ. ಆದರೆ ಅದಕ್ಕೆ ಬಿಗಿ ಕಡಿಮೆ. ಕಡ್ಡಿ ಪೆನ್ಸಿಲಿನಷ್ಟು ದಪ್ಪವಿದ್ದಲ್ಲಿ ಸೀಳಿನ ಒಂದು ತುಟಿ ಹೊರಕ್ಕೆ ಬಾಗಿ ನಿಂತಿತು, ಮಳೆಯಲ್ಲಿ ಒದ್ದೆ ಕೈಯಿಂದ ಸುತ್ತಿದ ಕಡೆ ಟೇಪು ಅಂಟಲೇ ಇಲ್ಲ. ಇಪ್ಪತ್ತರಲ್ಲಿ 12 ಬದುಕಿದವು. ಎರಡನೆಯ ವರ್ಷ ಗಾಯಕ್ಕೆ ಪಾಲಿಥೀನನ್ನೂ, ಅಲ್ಲಿಂದ ಮೇಲಿನ ಕಡ್ಡಿಗೆ ಮೇಣದ ಟೇಪನ್ನೂ ಸುತ್ತಿದಾಗ 17 ಬಂದವು. ಇಷ್ಟು ಕಡಿಮೆ ಸಸಿಗಳಲ್ಲಿ 15ಕ್ಕೂ 17ಕ್ಕೂ ನಡುವಿನ ಅಂತರವನ್ನು ದೊಡ್ಡದೆನ್ನಲಾಗದು. ನೂರಾರು ಸಸಿ ಕಟ್ಟುವವರಿಗೆ ಕೊಟ್ಟೆಯೇ ಸಾಕು, ಅಂಗಳದಲ್ಲಿ ಹತ್ತು ಗಿಡ ಕಟ್ಟುವವರು ಟೇಪಿಗೆ ದುಡ್ಡು ಹಾಕಬಹುದು.

ಕಟ್ಟಿದ ಮೇಲಿನ ಆರೈಕೆಯಲ್ಲಿಯೂ ಇವೆರಡರ ದಾರಿ ಬೇರೆ ಬೇರೆ. ಕೊಟ್ಟೆಯನ್ನು ಮೂರು ನಾಲ್ಕು ವಾರಗಳಲ್ಲಿ ಮೊಗ್ಗು ಬಿರಿದ ಕೂಡಲೇ ತೆಗೆಯಬೇಕು. ಸಂಜೆಯ ಹೊತ್ತು ತೆಗೆದರೆ ಎಳೆಯ ಎಲೆ ಬಾಡುವುದಿಲ್ಲ, ನಡುಹಗಲಿನಲ್ಲಿ ತೆಗೆದು ನಾನು ಎರಡು ಸಸಿಗಳನ್ನು ಕಳೆದುಕೊಂಡಿದ್ದೇನೆ. ಮೇಣದ ಟೇಪು ಬಿಸಿಲಿಗೆ ತಾನೇ ಬಿರಿದು ಉದುರುತ್ತದೆ. ಪಾಲಿಥೀನ್ ಹಾಗಲ್ಲ, ಅದನ್ನು ಮರೆತವರನ್ನು ಅದು ಮರೆಯುವುದಿಲ್ಲ. ಮೊದಲ ವರ್ಷದ ಸಸಿಯೊಂದನ್ನು ಪಟ್ಟಿ ಬಿಚ್ಚದೆ ತೋಟದ ಅಂಚಿಗೆ ನೆಟ್ಟಿದ್ದೆ. ಆಳೆತ್ತರ ಬೆಳೆದು ಸೊಗಸಾಗಿತ್ತು. ಮರುವರ್ಷ ಜೂನಿನ ಗಾಳಿಗೆ ಸರಿಯಾಗಿ ಕಸಿಯ ಜಾಗದಲ್ಲಿ ಮುರಿದು ಬಿತ್ತು. ಎತ್ತಿ ನೋಡಿದರೆ ಕಾಂಡ ಪಟ್ಟಿಯ ಮೇಲೂ ಕೆಳಗೂ ಉಬ್ಬಿಕೊಂಡು, ನಡುವೆ ಬಿಗಿ ಬಳೆ ತೊಟ್ಟ ಕೈಯಂತೆ ಒಳಕ್ಕೆ ಇಳಿದಿತ್ತು. ಪ್ಲಾಸ್ಟಿಕ್ಕಿನ ಅಂಚು ಮರದೊಳಗೇ ಹೂತುಹೋಗಿತ್ತು. ಈಗ ಪ್ರತಿ ಸಸಿಯ ಬುಡದ ತೊಟ್ಟೆಯ ಮೇಲೆ ಕಟ್ಟಿದ ತಾರೀಖನ್ನು ಬರೆಯುತ್ತೇನೆ. ಎರಡೂವರೆ ಮೂರು ತಿಂಗಳಾಗಿ ಹೊಸ ಎಲೆಗಳು ಬಲಿತ ಮೇಲೆ, ಸೀಳು ಇಲ್ಲದ ಮಗ್ಗುಲಲ್ಲಿ ಬ್ಲೇಡಿನಿಂದ ಪಟ್ಟಿಯನ್ನು ಉದ್ದಕ್ಕೆ ಗೀರಿ, ಸುರುಳಿ ಬಿಚ್ಚಲು ಹೋಗದೆ ಅದು ತಾನಾಗಿ ಕಳಚಲು ಬಿಡುತ್ತೇನೆ.

ಯಾವ ಪಟ್ಟಿ ಸುತ್ತಿದರೂ ತಪ್ಪದ ಕೆಲಸಗಳು ಎರಡು. ಗಾಯದ ಕೆಳಗೆ ಬೇರುಸಸಿಯಿಂದ ಹೊರಡುವ ಚಿಗುರನ್ನು ವಾರಕ್ಕೊಮ್ಮೆ ಚಿವುಟಬೇಕು, ಇಲ್ಲದಿದ್ದರೆ ಕಾಡುಮಾವು ಮೇಲೆದ್ದು ಕಡ್ಡಿ ಸೊರಗುತ್ತದೆ. ಇನ್ನೊಂದು, ಎಲೆ ಕತ್ತರಿಸುವ ಮೂತಿಹುಳುವಿನ ಮೇಲೆ ಕಣ್ಣಿಡುವುದು. ಅದು ಎಳೆಯ ಎಲೆಯಲ್ಲಿ ಮೊಟ್ಟೆಯಿಟ್ಟು, ತೊಟ್ಟಿನ ಹತ್ತಿರ ಕತ್ತರಿಯಲ್ಲಿ ಕತ್ತರಿಸಿದಂತೆ ನೇರವಾಗಿ ತುಂಡರಿಸುತ್ತದೆ. ಕೆಳಗೆ ಬಿದ್ದ ಆ ಎಲೆಗಳಲ್ಲಿಯೇ ಮುಂದಿನ ಪೀಳಿಗೆ ಇರುವುದರಿಂದ ಬೆಳಿಗ್ಗೆ ಗುಡಿಸಿ ಬಚ್ಚಲೊಲೆಗೆ ಹಾಕುತ್ತೇನೆ. ಹೋದ ಸೆಪ್ಟೆಂಬರಿನಲ್ಲಿ ಎರಡು ದಿನ ಊರಿನಲ್ಲಿರಲಿಲ್ಲ. ಬಂದು ನೋಡಿದಾಗ ಬದುಕಿದ್ದ 17ರಲ್ಲಿ ಆರು ಸಸಿಗಳಲ್ಲಿ ಬರೀ ತೊಟ್ಟುಗಳು ನಿಂತಿದ್ದವು. ಅವುಗಳಲ್ಲಿ ನಾಲ್ಕು ಮತ್ತೆ ಚಿಗುರಿವೆ.