ಏರು ಹತ್ತಲು ಹಾಕಿಸಿಕೊಂಡ 11-34 ಕ್ಯಾಸೆಟ್: ಆರು ತಿಂಗಳು ತುಳಿದ ಮೇಲೆ

ಸೈಕಲ್ಲಿನ ಹಿಂದಿನ ಗಾಲಿಗೆ ಈ ಕ್ಯಾಸೆಟ್ (ಗೇರಿನ ಹಲ್ಲುಚಕ್ರಗಳ ಗೊಂಚಲು) ಹಾಕಿಸಿದ ಮೊದಲ ದಿನ ನಾನು ಏರು ಹತ್ತಿದ್ದು ಹಿಂದಿಗಿಂತ ನಿಧಾನವಾಗಿ. 26 ನಿಮಿಷದ ದಾರಿಗೆ 27 ನಿಮಿಷ ಹಿಡಿಯಿತು. ಆದರೂ ಮನೆಗೆ ಬಂದು ಸೈಕಲ್ ಒರೆಸುವಾಗ ತುಂಬ ಖುಷಿಯಾಗಿತ್ತು. ದಾರಿಯಲ್ಲಿ ಎಲ್ಲೂ ಕಾಲು ಊರಿರಲಿಲ್ಲ, ಮೆಟ್ಟಿಲು ಇಳಿಯುವಾಗ ಮಂಡಿ ನೋಯಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಮತ್ತೆ ಸೈಕಲ್ ಹತ್ತಿದೆ. ಅದು ಹಿಂದೆ ಆಗುತ್ತಿರಲಿಲ್ಲ.

ನನ್ನದು ರೋಡ್ ಬೈಕ್. ಮುಂದೆ ಪೆಡಲಿನ ಬಳಿ 50 ಮತ್ತು 34 ಹಲ್ಲಿನ ಎರಡು ಚಕ್ರ, ಹಿಂದೆ ಹನ್ನೊಂದು ಗೇರು. ಕೊಂಡಾಗ ಇದ್ದ ಕ್ಯಾಸೆಟ್ 11-28, ಅಂದರೆ ಅತಿ ಚಿಕ್ಕ ಚಕ್ರಕ್ಕೆ 11 ಹಲ್ಲು, ಅತಿ ದೊಡ್ಡದಕ್ಕೆ 28. ನಾನು ಹತ್ತುವ ಏರು 3.2 ಕಿಲೋಮೀಟರ್, ಸರಾಸರಿ 7 ಪರ್ಸೆಂಟ್, ಕೊನೆಯ 400 ಮೀಟರ್ ಮಾತ್ರ 10 ಪರ್ಸೆಂಟಿನ ಚಡಾವು. ನನಗೆ ವಯಸ್ಸು 46, ಆಗ ತೂಕ 74 ಕೆಜಿ. ಆ ಕೊನೆಯ ತಿರುವಿನಲ್ಲಿ ಇನ್ನೊಂದು ಗೇರು ಸಿಗಬಹುದೇನೋ ಎಂದು ಬೆರಳು ತಾನಾಗಿ ಲಿವರ್ ಒತ್ತುತ್ತಿತ್ತು, ಗೇರು ಮುಗಿದು ಎಷ್ಟೋ ಹೊತ್ತಾಗಿರುತ್ತಿತ್ತು. ಸೀಟಿನಿಂದ ಎದ್ದು ನಿಂತು, ಹ್ಯಾಂಡಲ್ ಎಳೆದಾಡಿಕೊಂಡು, ಒಂದೊಂದು ತುಳಿತವನ್ನೂ ಮೈಭಾರ ಹಾಕಿ ಒತ್ತಬೇಕಿತ್ತು. ಆಮೇಲೆ ಎರಡು ಮೂರು ದಿನ ಮಂಡಿಚಿಪ್ಪಿನ ಕೆಳಗೆ ನೋವು. ಹೀಗಾಗಿ ವಾರಕ್ಕೆ ಒಂದು ಸಲ ಸೈಕಲ್ ತುಳಿದರೆ ಹೆಚ್ಚು. ವಾರಕ್ಕೊಂದು ಸಲ ತುಳಿದು ಮೈ ಪಳಗುವುದಾದರೂ ಹೇಗೆ?

ಗೇರು ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಲೆಕ್ಕ ಸುಲಭ. 25 ಎಂಎಂ ಟೈರಿನ ಸುತ್ತಳತೆ ಸುಮಾರು 2.1 ಮೀಟರ್. ಮುಂದೆ 34, ಹಿಂದೆ 28 ಹಲ್ಲಿದ್ದರೆ ಪೆಡಲ್ ಒಂದು ಸುತ್ತು ಬಂದಾಗ ಸೈಕಲ್ ಎರಡೂವರೆ ಮೀಟರಿಗೂ ತುಸು ಹೆಚ್ಚು ಮುಂದೆ ಹೋಗುತ್ತದೆ. ಹಿಂದೆಯೂ 34 ಇದ್ದರೆ 2.1 ಮೀಟರ್. ಗಂಟೆಗೆ 7.5 ಕಿಲೋಮೀಟರ್ ವೇಗದಲ್ಲಿ ಹತ್ತುವಾಗ ಹಳೆಯ ಗೇರಿನಲ್ಲಿ ನಿಮಿಷಕ್ಕೆ 49 ಸುತ್ತು ತುಳಿಯುತ್ತಿದ್ದೆ, ಹೊಸದರಲ್ಲಿ 60. ಅದೇ ವೇಗ, ಅದೇ ಕೆಲಸ, ಆದರೆ ಪ್ರತಿ ತುಳಿತದ ಭಾರ ಸುಮಾರು 18 ಪರ್ಸೆಂಟ್ ಇಳಿಯುತ್ತದೆ. ತೊಡೆ ಮತ್ತು ಮಂಡಿಯ ಮೇಲಿನ ಹೊರೆ ಒಂದಷ್ಟು ಎದೆಗೆ, ಉಸಿರಿಗೆ ದಾಟುತ್ತದೆ. ಏದುಸಿರು ಬಂದರೆ ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ, ಮಂಡಿ ನೋವು ಹಾಗಲ್ಲ.

ಕೊಳ್ಳುವ ಮುಂಚೆ ಮೂರು ವಿಷಯ ವಿಚಾರಿಸಿಕೊಳ್ಳಿ. ನಿಮ್ಮ ಹಿಂದಿನ ಡಿರೇಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ದಾಟಿಸುವ ಭಾಗ) 34 ಹಲ್ಲಿನವರೆಗೆ ಹೋಗುತ್ತದೆಯೇ ನೋಡಿ. ನನ್ನದು ಗಿಡ್ಡ ಕೇಜಿನದು (ಕೇಜು ಎಂದರೆ ಅದರಲ್ಲಿ ಚೈನು ಎಳೆದು ಹಿಡಿಯುವ ತೋಳು), ಬದಲಿಸಲೇಬೇಕಾಯಿತು. ಚೈನು ಹಳೆಯದಕ್ಕಿಂತ ಉದ್ದ ಬೇಕು. ಉದ್ದ ಸಾಲದೆ, ಮುಂದೆ ದೊಡ್ಡ ಚಕ್ರ ಹಿಂದೆ ದೊಡ್ಡ ಚಕ್ರ ಬಿದ್ದರೆ ಡಿರೇಲರ್ ಮುರಿದುಹೋಗಬಹುದು. ಮೂರನೆಯದರಲ್ಲಿ ನಾನೇ ಪೆಟ್ಟು ತಿಂದೆ. ನಾನು ಕೊಂಡಂಥ 11-34 ಕ್ಯಾಸೆಟ್ಟನ್ನು ಹನ್ನೊಂದು ಗೇರಿನ ರೋಡ್ ಹಬ್ಬಿಗೆ (ಗಾಲಿಯ ನಡುಗುಂಬಕ್ಕೆ) ಕೂರಿಸುವಾಗ ಹಿಂದೆ 1.85 ಎಂಎಂ ದಪ್ಪದ ಸ್ಪೇಸರ್ ಬಳೆ ಹಾಕಲೇಬೇಕು. ಕೂರಿಸಿಕೊಟ್ಟ ಮೆಕ್ಯಾನಿಕ್ ಅದನ್ನು ಹಾಕದೆ, ಕ್ಯಾಸೆಟ್ ಹಿಡಿದಿಡುವ ಲಾಕ್‌ರಿಂಗ್ ಬಿಗಿದುಬಿಟ್ಟಿದ್ದರು. ಎರಡನೆಯ ದಿನ ಏರಿನ ಮಧ್ಯೆ ಹಿಂದಿನಿಂದ ಟಕ್ ಟಕ್ ಸದ್ದು. ಇಳಿದು ಕೈಯಲ್ಲಿ ಹಿಡಿದು ಅಲುಗಿಸಿದರೆ ಇಡೀ ಕ್ಯಾಸೆಟ್ಟೇ ಕದಲುತ್ತಿತ್ತು. ಬಳೆ ಹಾಕಿ 40 ನ್ಯೂಟನ್ ಮೀಟರಿಗೆ ಬಿಗಿದ ಮೇಲೆ ಇವತ್ತಿನವರೆಗೆ ಚೂರೂ ಸದ್ದಿಲ್ಲ. ಪೊಟ್ಟಣದೊಳಗಿನ ಪ್ರತಿಯೊಂದು ತುಂಡೂ ಸೈಕಲ್ಲಿನ ಮೇಲೆ ಹೋಯಿತೇ ಎಂದು ಎದುರಿಗೆ ನಿಂತು ನೋಡಿ.

ಕೊರತೆಯೂ ಇದೆ. ಹಳೆಯ 11-28ರಲ್ಲಿ 11, 12, 13, 14, 15 ಎಂದು ಒಂದೊಂದೇ ಹಲ್ಲಿನ ಅಂತರ. ಇದರಲ್ಲಿ 11, 13, 15, 17 ಎಂದು ಎರಡೆರಡು ಹಲ್ಲು ಹಾರುತ್ತದೆ. ಸಮತಟ್ಟು ರಸ್ತೆಯಲ್ಲಿ ಗುಂಪಿನ ಜೊತೆ ವೇಗವಾಗಿ ಹೋಗುವಾಗ ಒಂದು ಗೇರು ಭಾರ, ಮುಂದಿನದು ಹಗುರ ಅನ್ನಿಸುತ್ತದೆ. ನನಗೆ 14 ಹಲ್ಲಿನ ಚಕ್ರ ಈಗಲೂ ನೆನಪಾಗುತ್ತದೆ. ಸಮತಟ್ಟಿನಲ್ಲೇ ರೇಸ್ ಓಡಿಸುವವರಿಗೆ ಇದು ಬೇಡ. ಏರು ಕಂಡರೆ ಹೆದರಿ ಬೇರೆ ದಾರಿ ಹಿಡಿಯುವವರು ಕಣ್ಣುಮುಚ್ಚಿ ಹಾಕಿಸಿಕೊಳ್ಳಿ.

ಈಗ ವಾರಕ್ಕೆ ನಾಲ್ಕು ದಿನ ತುಳಿಯುತ್ತೇನೆ. ಎರಡು ದಿನ ಒಂದೊಂದು ಗಂಟೆ, ಪಕ್ಕದವರ ಜೊತೆ ಮಾತಾಡಿಕೊಂಡು ಹೋಗುವಷ್ಟು ನಿಧಾನ. ಈ ನಿಧಾನದ ದಿನಗಳನ್ನು ದಯವಿಟ್ಟು ಬಿಡಬೇಡಿ. ದಮ್ಮು ಬೆಳೆಯುವುದು ಅಲ್ಲೇ. ಒಂದು ದಿನ ಏರಿನ ಕೆಳಭಾಗವನ್ನೇ ನಾಲ್ಕು ಸಲ, ಪ್ರತಿ ಸಲ ಐದು ನಿಮಿಷ, ಸೀಟಿನಿಂದ ಏಳದೆ. ಭಾನುವಾರ ದೂರದ ಸವಾರಿ. ಮೊದಲ ತಿಂಗಳು ಗಡಿಯಾರದಲ್ಲಿ ಏನೂ ಬದಲಾಗಲಿಲ್ಲ, ಬೇಸರವೂ ಬಂತು. ಎರಡನೆಯ ತಿಂಗಳ ಕೊನೆಗೆ 24 ನಿಮಿಷ. ನಾಲ್ಕನೆಯ ತಿಂಗಳಲ್ಲಿ 21. ತುದಿ ಮುಟ್ಟಿದಾಗ ಎದೆಬಡಿತ ಹಿಂದೆ 172 ತೋರಿಸುತ್ತಿತ್ತು, ಈಗ 160ರ ಆಸುಪಾಸು. ತೂಕ 71ಕ್ಕೆ ಇಳಿದಿದೆ, ಅದರ ಪಾಲೂ ಇದರಲ್ಲಿದೆ.

ಮೊನ್ನೆ ಹಿಂದಿನ ಚಕ್ರ ಬಿಚ್ಚಿ ಸೀಮೆಎಣ್ಣೆಯಲ್ಲಿ ಕ್ಯಾಸೆಟ್ ತೊಳೆದೆ. 3,000 ಕಿಲೋಮೀಟರ್ ದಾಟಿದೆ. 11ರ ಹಲ್ಲುಗಳು ಹೊಸದರಂತೆಯೇ ಇವೆ. 34ರ ಹಲ್ಲುಗಳ ಬುಡದಲ್ಲಿ ಚೈನು ಉಜ್ಜಿ ಉಜ್ಜಿ ಲೇಪ ಹೋಗಿ ಬೆಳ್ಳಗೆ ಹೊಳೆಯುತ್ತಿದೆ. ಅದರ ಪಕ್ಕದ 30ರಲ್ಲೂ ಈಗ ಅದೇ ಹೊಳಪು ಶುರುವಾಗಿದೆ.