ನಾಯಿ ಜೋಳದ ದಿಂಡು ನುಂಗಿದರೆ: ವಾಂತಿಯೋ, ಎಂಡೋಸ್ಕೋಪಿಯೋ, ಆಪರೇಷನ್ನೋ?

ಒಕ್ಕಣೆ ಕಾಲದಲ್ಲಿ ದಾವಣಗೆರೆ ಸೀಮೆಯ ನಾಯಿಗಳಿಗೆ ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡು ಸುಲಭವಾಗಿ ಸಿಗುತ್ತದೆ. ಅದು ಹೊಟ್ಟೆಯಲ್ಲಿ ಕರಗುವುದಿಲ್ಲ.

ವಾಂತಿ ಮಾಡಿಸುವುದು ಅಗ್ಗದ ದಾರಿ. ಆದರೆ ನುಂಗಿ ಸುಮಾರು 2 ಗಂಟೆಯೊಳಗೆ, ವೈದ್ಯರ ಕೈಯಲ್ಲೇ ಆಗಬೇಕು. ಕಾಲ್ಚೀಲದಂಥ ಮೆತ್ತನೆಯದಕ್ಕೆ ಸರಿ. ದೊಡ್ಡ ದಿಂಡು ಮೇಲೆ ಬರುವಾಗ ಅನ್ನನಾಳದಲ್ಲಿ ಸಿಕ್ಕಿಕೊಳ್ಳಬಹುದು. ಸೂಜಿ, ಬ್ಯಾಟರಿ ನುಂಗಿದ್ದರೆ ಬೇಡವೇ ಬೇಡ. ಮನೆಯಲ್ಲಿ ಉಪ್ಪುನೀರು ಕುಡಿಸಲೇಬೇಡಿ, ರಕ್ತದಲ್ಲಿ ಸೋಡಿಯಂ ಏರಿ ಜೀವಕ್ಕೇ ಕುತ್ತು.

ಎಂಡೋಸ್ಕೋಪಿ ಅಂದರೆ ಬಾಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ವಸ್ತುವನ್ನು ಹೊರತೆಗೆಯುವುದು. ಇದರಲ್ಲಿ ಕೊಯ್ತವಿಲ್ಲ, ಅರಿವಳಿಕೆ ಬೇಕು. ವಸ್ತು ಅನ್ನನಾಳ ಅಥವಾ ಜಠರದಲ್ಲಿದ್ದರೆ ಇದೇ ಒಳ್ಳೆಯದು. ಸೌಲಭ್ಯ ಎಲ್ಲೆಡೆ ಇರುವುದಿಲ್ಲ, ಮೊದಲೇ ಫೋನ್ ಮಾಡಿ ಕೇಳಿ. ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿ.ಮೀ.; ಕರುಳು ಕಟ್ಟಿದ ನಾಯಿಯನ್ನು ಅಷ್ಟು ದೂರ ಒಯ್ಯುವುದಕ್ಕಿಂತ ಊರಲ್ಲೇ ಆಪರೇಷನ್ ಮಾಡಿಸುವುದು ಮೇಲು.

ದಿಂಡು ಕರುಳಿಗೆ ಇಳಿದು ಸಿಕ್ಕಿಕೊಂಡರೆ ಆಪರೇಷನ್ನೇ ಗತಿ. ಪದೇ ಪದೇ ವಾಂತಿ, ನೀರೂ ನಿಲ್ಲದಿರುವುದು, ಹೊಟ್ಟೆ ಮುಟ್ಟಿದರೆ ನರಳುವುದು ಇದರ ಗುರುತು. ಎಕ್ಸ್‌ರೇಯಲ್ಲಿ ದಿಂಡು ಸ್ಪಷ್ಟವಾಗಿ ಕಾಣದಿರಬಹುದು, ಸ್ಕ್ಯಾನಿಂಗ್ ಕೇಳಿ. ತಡವಾದರೆ ಕರುಳು ಕೊಳೆತು ಆ ಭಾಗವನ್ನೇ ಕತ್ತರಿಸಬೇಕಾಗುತ್ತದೆ. ಆಪರೇಷನ್ ಆದ ಮೇಲೆ ಕರುಳಿನ ಹೊಲಿಗೆ ಸೋರುವ ಅಪಾಯ 3ರಿಂದ 5ನೇ ದಿನ ಹೆಚ್ಚು. ಆಗ ಜ್ವರ, ಮಂಕು ಕಂಡರೆ ತಕ್ಷಣ ವಾಪಸ್ ಕರೆದೊಯ್ಯಿರಿ.