ಚಿಕ್ಕಪೇಟೆಯ ಹರಿಕೇನ್ ಲಾಟೀನು, ಎರಡು ಮಳೆಗಾಲ ಉರಿಸಿದ ಮೇಲೆ

ಚಿಕ್ಕಪೇಟೆಯ ಗಲ್ಲಿಯೊಂದರ ಹಳೇ ಪಾತ್ರೆ ಅಂಗಡಿಯಲ್ಲಿ 550 ರೂಪಾಯಿ ಕೊಟ್ಟು ಈ ಲಾಟೀನು ತಂದೆ. ನೀಲಿ ಬಣ್ಣದ ತಗಡಿನದು. "ಅಣ್ಣಾ, ಗಾಜು ಒಡೆದರೆ ಬೇರೆ ಸಿಗತ್ತಾ?" ಅಂತ ಮೊದಲು ಅದನ್ನೇ ಕೇಳಿದೆ. "ಗಾಜೂ ಸಿಗತ್ತಮ್ಮ, ಬತ್ತೀನೂ ಸಿಗತ್ತೆ. ಇದು ಶೋಕೇಸಲ್ಲಿ ಇಡೋದಲ್ಲ, ಉರ್ಸೋದು" ಅಂದರು. ಎರಡು ಗಾಜು, ಒಂದು ಮಾರು ಬತ್ತಿ ಆಗಲೇ ತೆಗೆದುಕೊಂಡೆ.

ಮನೆಯಲ್ಲಿ ಯುಪಿಎಸ್ ಇದೆ, ಚಾರ್ಜ್ ಆಗುವ ಲೈಟೂ ಇದೆ. ಆದರೂ ಲಾಟೀನೇ ಬೇಕು ಅಂತ ಹಟ ಹಿಡಿಯಲು ಕಾರಣ ಚೆನ್ನೈ.

2016ರ ಡಿಸೆಂಬರ್ 12, ಸೋಮವಾರ. ನಾವಾಗ ಪೆರಂಬೂರಿನಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೆವು. ಮಗಳಿಗೆ ಮೂರು ವರ್ಷ. ಅವತ್ತು ಬಂದದ್ದು ವರ್ದಾ ಚಂಡಮಾರುತ. ಹೆಸರು ಕೇಳಿದರೆ ನಮ್ಮ ಹಾವೇರಿ ಕಡೆಯ ವರದಾ ನದಿ ನೆನಪಾಗುತ್ತದೆ, ಅಲ್ವಾ? ಆದರೆ ಅದು ಪಾಕಿಸ್ತಾನ ಸೂಚಿಸಿದ ಹೆಸರು, ಗುಲಾಬಿ ಅಂತ ಅರ್ಥ. ಗಾಳಿ ಗಂಟೆಗೆ 100 ಕಿಲೋಮೀಟರ್‌ಗೂ ಜಾಸ್ತಿ. ಬಚ್ಚಲುಮನೆ ಕಿಟಕಿಯ ಗಾಜಿನ ಪಟ್ಟಿಗಳು ಒಂದೊಂದಾಗಿ ಕಿತ್ತು ಹೋದವು. ಎದುರಿನ ಬೇವಿನ ಮರ ಬುಡಸಮೇತ ಬಿತ್ತು.

ಮಧ್ಯಾಹ್ನ ಮೂರು ಗಂಟೆಯ ಮೇಲೆ ಗಾಳಿ ಒಮ್ಮೆಲೇ ನಿಂತಿತು. ಮುಗಿಯಿತು ಅಂತ ನಮ್ಮ ಮನೆಯವರು ಸ್ಕೂಟರ್ ನೋಡಲು ಕೆಳಗೆ ಹೊರಟರು. ಪಕ್ಕದ ಮನೆಯ ಪಾಟಿ (ತಮಿಳಿನಲ್ಲಿ ಅಜ್ಜಿ) ಅವರ ಕೈ ಹಿಡಿದು ನಿಲ್ಲಿಸಿದರು. ಇನ್ನೂ ಅರ್ಧ ಬಾಕಿ ಇದೆ ಅಂದರು. ಚಂಡಮಾರುತದ ಕಣ್ಣು, ಅಂದರೆ ಗಾಳಿ ಇಲ್ಲದ ನಡುಭಾಗ, ಆಗ ನಮ್ಮ ತಲೆ ಮೇಲೇ ಇತ್ತು. ಸ್ವಲ್ಪ ಹೊತ್ತಿಗೆ ಗಾಳಿ ಎದುರು ದಿಕ್ಕಿನಿಂದ ಬಂದು ಹೊಡೆಯಿತು. ಆ ಕೈಯನ್ನು ನಾನು ಮರೆಯುವುದಿಲ್ಲ.

ರಾತ್ರಿ ಒಂಬತ್ತಕ್ಕೆ ಯುಪಿಎಸ್ ನಿಂತಿತು. ಮೊಬೈಲಿಗೆ ಸಿಗ್ನಲ್ ಇಲ್ಲ. ನೋಟು ರದ್ದಾಗಿ ಒಂದು ತಿಂಗಳಷ್ಟೇ ಆಗಿತ್ತು. ಕೈಯಲ್ಲಿ ಇದ್ದದ್ದು 2000ದ ಒಂದೇ ನೋಟು. ಮೇಣದಬತ್ತಿಗೆ ಅದನ್ನು ಕೊಟ್ಟರೆ ಚಿಲ್ಲರೆ ಯಾರು ಕೊಡುತ್ತಾರೆ? ಪಾಟಿ ತಮ್ಮ ಹಳೇ ಲಾಟೀನನ್ನು ಮೆಟ್ಟಿಲ ಹತ್ತಿರ ತಂದಿಟ್ಟರು. ನಾಲ್ಕು ಮನೆಯವರೂ ಅದರ ಸುತ್ತ ಕೂತೆವು. ಕೆಳಗಿನಿಂದ ಗಾಳಿ ನುಗ್ಗುತ್ತಿತ್ತು. ಉರಿ ಬಾಗುತ್ತಿತ್ತು, ಆರಲಿಲ್ಲ. ಮಗಳು ಅದನ್ನೇ ನೋಡುತ್ತಾ ನಿದ್ದೆ ಹೋದಳು. ಕರೆಂಟ್ ಬಂದದ್ದು ನಾಲ್ಕನೇ ದಿನ.

ಬೆಂಗಳೂರಿಗೆ ಬಂದ ಮೇಲೆ ಮೊದಲು ಆನ್‌ಲೈನಿನಲ್ಲಿ ಒಂದು ತರಿಸಿದ್ದೆ. ನೋಡಲು ಚೆಂದ, ಎಣ್ಣೆ ಸೋರುತ್ತಿತ್ತು, ಫ್ಯಾನ್ ಹಾಕಿದರೆ ಆರುತ್ತಿತ್ತು. ಚಿಕ್ಕಪೇಟೆಯದು ಹಾಗಲ್ಲ. ಎರಡು ಪಕ್ಕದ ಕೊಳವೆಗಳು ಸುಮ್ನೆ ಅಂದಕ್ಕೆ ಇರುವುದಲ್ಲ. ಮೇಲಿನಿಂದ ಗಾಳಿ ಅವುಗಳೊಳಗೆ ಇಳಿದು ಬತ್ತಿಯ ಬುಡಕ್ಕೆ ಹೋಗುತ್ತದೆ. ಹೊರಗಿನ ಗಾಳಿ ಉರಿಗೆ ನೇರವಾಗಿ ತಾಗುವುದಿಲ್ಲ. ಟೇಬಲ್ ಫ್ಯಾನನ್ನು ಮೂರರಲ್ಲಿಟ್ಟು ಎದುರಿಗೆ ಇಟ್ಟೆ. ಆರಲಿಲ್ಲ. ಕಳೆದ ಮೇ ತಿಂಗಳ ಮಳೆಗೆ ನಮ್ಮ ಬೀದಿಯ ಗುಲ್‌ಮೊಹರ್ ತಂತಿ ಮೇಲೆ ಬಿದ್ದಾಗ ಸಂಜೆ ಏಳಕ್ಕೆ ಹಚ್ಚಿದ್ದು ಬೆಳಗಿನ ಜಾವದವರೆಗೂ ಉರಿಯಿತು.

ಕೊರತೆಯೂ ಇದೆ. ಗಾಜು ಎತ್ತುವ ಕಡ್ಡಿ ಸಡಿಲ. ತಗಡಿನ ಅಂಚು ಚೂಪು, ಒರೆಸುವಾಗ ನನ್ನ ಬೆರಳು ಕೊಯ್ದಿದೆ. ಬತ್ತಿ ಜಾಸ್ತಿ ಏರಿಸಿದರೆ ಗಾಜು ಕಪ್ಪಾಗುತ್ತದೆ. ಬತ್ತಿಯ ತುದಿಯ ಎರಡು ಮೂಲೆಗಳನ್ನು ಕತ್ತರಿಯಿಂದ ಸ್ವಲ್ಪ ದುಂಡಗೆ ಮಾಡಿ, ಉರಿ ಸಮವಾಗುತ್ತದೆ. ಬಿಸಿ ಗಾಜಿನ ಮೇಲೆ ಮಳೆ ಹನಿ ಬೀಳಬಾರದು, ಚಟ್ ಅಂತ ಸೀಳುತ್ತದೆ. ಸೀಮೆಎಣ್ಣೆ ಸಿಗುವುದು ಈಗ ಕಷ್ಟ, ನಾನು ದೀಪಕ್ಕೆಂದೇ ಬರುವ ಬಾಟಲಿ ಎಣ್ಣೆ ಹಾಕುತ್ತೇನೆ. ಉರಿಯುವಾಗ ಎಣ್ಣೆ ತುಂಬಬೇಡಿ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಹಚ್ಚಿ ಮಲಗಲೇಬೇಡಿ, ಅದರ ಹೊಗೆ ಪ್ರಾಣ ತೆಗೆಯುತ್ತದೆ. ಪಾಟಿ ಮೆಟ್ಟಿಲ ಹತ್ತಿರ ಇಟ್ಟದ್ದೂ ಅದಕ್ಕೇ.

ಈ ವರ್ಷ ತಂಗಿ ಚೆನ್ನೈಗೆ ಮನೆ ಮಾಡಿಕೊಂಡು ಹೋದಳು. ಅದೇ ಅಂಗಡಿಗೆ ಹೋಗಿ ಅವಳಿಗೂ ಒಂದು ತಂದೆ. ಜೊತೆಗೆ ಎರಡು ಗಾಜು, ಒಂದು ಮಾರು ಬತ್ತಿ.